ನೇತ್ರಾಣಿ: ಕಡಲೊಳಗಿನ ಅಸಲು

ತುಮಕೂರಿನ ವರ್ತಕರಿಗೆ ಬಿ.ಎಚ್. ರಸ್ತೆ ಎಂಬ ಹೆಸರು ದಿನಕ್ಕೆ ಹತ್ತು ಬಾರಿ ಬಾಯಲ್ಲಿ ಬರುವಂಥದ್ದು. ಅಂಗಡಿಯ ಫಲಕದಲ್ಲಿ, ಬಿಲ್ಲಿನ ತಲೆಬರಹದಲ್ಲಿ, ಲಾರಿ ಕಚೇರಿಯ ವಿಳಾಸದಲ್ಲಿ ಎಲ್ಲೆಡೆಯೂ ಅದೇ ಹೆಸರು. ಆದರೆ ಆ ಎರಡು ಅಕ್ಷರಗಳ ಪೈಕಿ ಎರಡನೆಯದು ಹೊನ್ನಾವರವನ್ನು ಸೂಚಿಸುತ್ತದೆ ಎಂಬುದನ್ನು ನೆನೆಯುವವರು ವಿರಳ. ಬೆಂಗಳೂರು–ಹೊನ್ನಾವರ ರಸ್ತೆಯು ನಮ್ಮ ನಗರವನ್ನು ದಾಟಿ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರಗಳನ್ನು ಹಾದು, ಘಟ್ಟವನ್ನಿಳಿದು, ಶರಾವತಿಯು ಅರಬ್ಬೀ ಸಮುದ್ರವನ್ನು ಸೇರುವಲ್ಲಿ ಕೊನೆಗೊಳ್ಳುತ್ತದೆ. ತುಮಕೂರಿನಿಂದ ಅಲ್ಲಿಗೆ ಸುಮಾರು 360 ಕಿಲೋಮೀಟರ್ ದೂರ.

ಹೊನ್ನಾವರದಿಂದ ಕರಾವಳಿಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಭಟ್ಕಳದತ್ತ ಅರ್ಧ ಗಂಟೆ ಸಾಗಿದರೆ ಮುರುಡೇಶ್ವರ. ಅಲ್ಲಿಂದ ಪಶ್ಚಿಮಕ್ಕೆ ಕಡಲಿನಲ್ಲಿ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ಪುಟ್ಟ ದ್ವೀಪವೇ ನೇತ್ರಾಣಿ. ನಮ್ಮದೇ ರಸ್ತೆಯ ಕೊನೆಯಲ್ಲಿರುವ ಈ ದ್ವೀಪದ ಸುತ್ತ ಕಳೆದ ಎರಡು ದಶಕಗಳಲ್ಲಿ ಬೆಳೆದಿರುವ ಸ್ಕೂಬಾ ಡೈವಿಂಗ್ ಎಂಬ ಉದ್ಯಮವನ್ನು ನಮ್ಮ ಸದಸ್ಯ ಬಾಂಧವರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಪ್ರವಾಸದ ಆಸಕ್ತಿ ಇದಕ್ಕೆ ಒಂದು ಕಾರಣವಷ್ಟೆ. ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಬದುಕಬೇಕು ಎಂಬ ವ್ಯಾಪಾರದ ಹಳೆಯ ಪಾಠ ಅಲ್ಲಿ ಕಣ್ಣಿಗೆ ಕಾಣುವಂತೆ ಪರೀಕ್ಷೆಗೆ ಒಳಗಾಗಿದೆ ಎಂಬುದು ಮುಖ್ಯ ಕಾರಣ.

ದ್ವೀಪದ ಪರಿಚಯ

ಮೇಲಿನಿಂದ ನೋಡಿದಾಗ ಹೃದಯದ ಆಕಾರದಲ್ಲಿ ತೋರುವ ನೇತ್ರಾಣಿಯನ್ನು ಇಂಗ್ಲಿಷ್ ನಕ್ಷೆಗಳಲ್ಲಿ ಪಾರಿವಾಳಗಳ ದ್ವೀಪ ಎಂದು ಗುರುತಿಸಿರುವುದುಂಟು. ದ್ವೀಪದ ಮೇಲೆ ಕಾಡು ಮೇಕೆಗಳೂ ಪಾರಿವಾಳಗಳೂ ಇವೆ. ಮನುಷ್ಯರ ವಸತಿ ಇಲ್ಲ. ಭಾರತೀಯ ನೌಕಾಪಡೆಯು ಗುರಿ ಹೊಡೆಯುವ ಅಭ್ಯಾಸಕ್ಕೆ ಈ ದ್ವೀಪವನ್ನು ಬಳಸಿಕೊಂಡಿರುವುದರಿಂದಲೂ ಇದರ ಹೆಸರು ಆಗಾಗ ಸುದ್ದಿಯಲ್ಲಿ ಬಂದಿದೆ. ಸಾಮಾನ್ಯವಾಗಿ ಪ್ರವಾಸಿಗರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ. ನೋಡಬೇಕಾದುದೆಲ್ಲವೂ ನೀರಿನೊಳಗೇ ಇದೆ.

ದ್ವೀಪದ ಬಂಡೆಗಳು ನೀರಿನೊಳಕ್ಕೆ ಇಳಿಜಾರಾಗಿ ಇಳಿಯುತ್ತವೆ. ಆ ಬಂಡೆಗಳ ಮೇಲೆ ಹವಳಗಳು ಬೆಳೆದಿವೆ. ಹವಳಗಳ ಸಂದುಗಳಲ್ಲಿ ಚಿಟ್ಟೆಮೀನು, ಗಿಳಿಮೀನು, ಟ್ರಿಗರ್ ಮೀನು, ಹಾವಿನಂತಹ ಈಲ್, ಸಿಗಡಿ ಮೊದಲಾದ ಜೀವಿಗಳು ನೆಲೆಸಿವೆ. ಅಪರೂಪಕ್ಕೊಮ್ಮೆ ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕ್ ಕಂಡಿದೆಯೆಂದು ಮುಳುಗಿ ಬಂದವರು ಹೇಳಿರುವುದುಂಟು. ಗಾತ್ರದಲ್ಲಿ ಎಷ್ಟೇ ದೊಡ್ಡದಾದರೂ ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು ತಿನ್ನುವ ನಿರುಪದ್ರವಿ ಪ್ರಾಣಿ ಅದು.

ಕರ್ನಾಟಕದ ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಯಲ್ಲಿ ಹವಳಗಳು ಇಷ್ಟು ವಿರಳವಾಗಿ ಏಕಿವೆ ಎಂಬ ಪ್ರಶ್ನೆ ಸಹಜ. ಹವಳ ಎಂಬುದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸುಣ್ಣದ ಗೂಡು ಕಟ್ಟಿಕೊಂಡು ಗುಂಪಾಗಿ ಬಾಳುವ ಪುಟ್ಟ ಪ್ರಾಣಿ ಅದು. ಅದರ ಅಂಗಾಂಶದೊಳಗೆ ವಾಸಿಸುವ ಅತಿಸೂಕ್ಷ್ಮ ಪಾಚಿಗಳು ಬಿಸಿಲಿನ ನೆರವಿನಿಂದ ಆಹಾರ ತಯಾರಿಸಿ ಅದಕ್ಕೂ ಪಾಲು ಕೊಡುತ್ತವೆ. ಆದ್ದರಿಂದ ಹವಳಕ್ಕೆ ಬಿಸಿಲು ತಲುಪುವ ತಿಳಿನೀರು ಬೇಕು. ನಮ್ಮ ಕರಾವಳಿಯಲ್ಲಿಯಾದರೋ ಮಳೆಗಾಲದ ನಾಲ್ಕು ತಿಂಗಳು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟದ ಕೆಂಪು ಮಣ್ಣನ್ನು ಕಡಲಿಗೆ ತಂದು ಸುರಿಯುತ್ತವೆ. ತೀರದ ಸಮೀಪದ ನೀರು ಬಹುಕಾಲ ಕದಡಿಯೇ ಇರುತ್ತದೆ. ನೇತ್ರಾಣಿಯು ತೀರದಿಂದಲೂ ನದೀಮುಖಗಳಿಂದಲೂ ದೂರವಿರುವುದರಿಂದ ಅಲ್ಲಿನ ನೀರು ಬೇಗನೆ ತಿಳಿಯಾಗುತ್ತದೆ. ಆ ದೂರವೇ ಅದರ ಐಶ್ವರ್ಯಕ್ಕೆ ಕಾರಣ.

ಉಸಿರಿನ ಲೆಕ್ಕಾಚಾರ

ಸ್ಕೂಬಾ ಡೈವಿಂಗ್ ಎಂದರೆ ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ ಉಸಿರಾಡುತ್ತ ನೀರಿನೊಳಗೆ ಈಜುವುದು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾನ್ ಅವರು ಬೇಕಾದಾಗ ಬೇಕಾದಷ್ಟೇ ಗಾಳಿಯನ್ನು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ, ಬಾಯಿಗೆ ಒದಗಿಸುವ ರೆಗ್ಯುಲೇಟರನ್ನು ರೂಪಿಸಿದರು. ಇಂದಿನ ಸಾಧನಗಳೆಲ್ಲವೂ ಅದೇ ತತ್ತ್ವದ ಮುಂದುವರಿಕೆ.

ಸಿಲಿಂಡರಿನಲ್ಲಿ ಆಮ್ಲಜನಕ ಇರುತ್ತದೆ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ. ಶುದ್ಧೀಕರಿಸಿ, ತೇವವನ್ನು ತೆಗೆದು, ಸುಮಾರು 200 ಬಾರ್ ಒತ್ತಡಕ್ಕೆ ತುಂಬಲಾಗಿರುತ್ತದೆ. ಕಂಪ್ರೆಸರ್ ಬಳಸುವ ನಮ್ಮ ಸಣ್ಣ ಕೈಗಾರಿಕೆಗಳವರು ಈ ಲೆಕ್ಕವನ್ನು ಸುಲಭವಾಗಿ ಗ್ರಹಿಸಬಲ್ಲರು. ಸುಮಾರು 11 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಅಡಗಿರುವ ಗಾಳಿ 2,200 ಲೀಟರ್. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆದ್ದರಿಂದ ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವವನಿಗೆ 10 ಮೀಟರ್ ಆಳದಲ್ಲಿ 40 ಲೀಟರ್ ಬೇಕಾಗುತ್ತದೆ. ಆಪತ್ತಿಗೆಂದು 50 ಬಾರ್, ಅಂದರೆ 550 ಲೀಟರ್ ಗಾಳಿಯನ್ನು ಮುಟ್ಟದೆ ಉಳಿಸಿದರೆ ಬಳಕೆಗೆ ದೊರೆಯುವುದು 1,650 ಲೀಟರ್. ಸುಮಾರು 40 ನಿಮಿಷಕ್ಕೆ ಅದು ಸಾಲುತ್ತದೆ. ಗಾಬರಿಗೊಂಡು ಏದುಸಿರು ಬಿಡುವವನಿಗೆ ಅರ್ಧದಷ್ಟು ಹೊತ್ತೂ ಬಾರದು. ಮೀಸಲು ನಿಧಿಯನ್ನು ಮುಟ್ಟಬಾರದೆಂಬ ನಿಯಮ ನೀರಿನೊಳಗೆ ಪ್ರಾಣದ ಪ್ರಶ್ನೆಯಾಗುತ್ತದೆ.

ಇನ್ನೊಂದು ನಿಯಮವೂ ಈ ಒತ್ತಡದಿಂದಲೇ ಹುಟ್ಟಿದ್ದು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲೇರಿದವನ ಶ್ವಾಸಕೋಶಕ್ಕೆ ಹಾನಿಯಾಗಬಹುದು. ಆದ್ದರಿಂದಲೇ ಎಂದೂ ಉಸಿರು ಕಟ್ಟಬಾರದು, ನಿಧಾನವಾಗಿ ಮೇಲೇರಬೇಕು ಎಂಬುದನ್ನು ಮೊದಲ ಪಾಠದಲ್ಲಿಯೇ ಕಲಿಸಲಾಗುತ್ತದೆ. ಇಳಿಯುವಾಗ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸಲು ಮೂಗು ಹಿಡಿದು ಮೆಲ್ಲನೆ ಊದಬೇಕು. ಶೀತ, ಮೂಗು ಕಟ್ಟುವಿಕೆ ಇದ್ದವರಿಗೆ ಇದು ಸಾಧ್ಯವಾಗದು. ಅಂಥವರು ಆ ದಿನ ಇಳಿಯದಿರುವುದೇ ಲೇಸು.

ಈಜು ಬಾರದವರೂ ನೇತ್ರಾಣಿಯಲ್ಲಿ ಮುಳುಗಿ ಬರುವುದುಂಟು. ತರಬೇತುದಾರರು ಮೊದಲು ತೀರದಲ್ಲಿ ಅಥವಾ ದೋಣಿಯಲ್ಲಿ ಸನ್ನೆಗಳನ್ನು ಕಲಿಸುತ್ತಾರೆ. ಹೆಬ್ಬೆರಳು ಮೇಲಕ್ಕೆ ತೋರಿಸಿದರೆ ಮೇಲೆ ಹೋಗೋಣವೆಂದು ಅರ್ಥ, ಚೆನ್ನಾಗಿದೆಯೆಂದಲ್ಲ ಎಂಬುದನ್ನು ನೆನಪಿಡಬೇಕು. ಬಳಿಕ ತರಬೇತುದಾರರು ಹೊಸಬರನ್ನು ಹಿಡಿದುಕೊಂಡೇ ಕಡಿಮೆ ಆಳದಲ್ಲಿ ಕರೆದೊಯ್ಯುತ್ತಾರೆ. ಇಂತಹ ಪರಿಚಯಾತ್ಮಕ ಮುಳುಗಿಗೆ ಅಂತರರಾಷ್ಟ್ರೀಯ ತರಬೇತಿ ಸಂಸ್ಥೆ ಪಾಡಿ ನಿಗದಿಪಡಿಸಿರುವ ಗರಿಷ್ಠ ಆಳ 12 ಮೀಟರ್, ಕನಿಷ್ಠ ವಯಸ್ಸು 10 ವರ್ಷ. ಮೂರು ನಾಲ್ಕು ದಿನಗಳ ತರಬೇತಿ ಪಡೆದು ಮೊದಲ ಪ್ರಮಾಣಪತ್ರ ಗಳಿಸಿದವರು 18 ಮೀಟರ್ ವರೆಗೆ ಇಳಿಯಬಹುದು.

ಎಂಟು ತಿಂಗಳ ದುಡಿಮೆ

ಈ ಉದ್ಯಮದ ಹಣಕಾಸಿನ ಸ್ವರೂಪವನ್ನು ವರ್ತಕರ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಮಳೆಗಾಲದಲ್ಲಿ ಕಡಲು ಉಗ್ರವಾಗಿರುತ್ತದೆ. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ನೇತ್ರಾಣಿಯ ದೋಣಿಗಳು ಅಕ್ಟೋಬರಿನ ಹೊತ್ತಿಗೆ ಮತ್ತೆ ಹೊರಟು ಮೇ ತಿಂಗಳವರೆಗೆ ಸಾಗುತ್ತವೆ. ಆ ಎಂಟು ತಿಂಗಳಲ್ಲಿಯೂ ಗಾಳಿ ಬೀಸಿದ ದಿನ, ಅಲೆ ಎದ್ದ ದಿನ, ನೀರು ಕದಡಿದ ದಿನ ಕೆಲಸವಿಲ್ಲ.

ಖರ್ಚುಗಳಾದರೋ ಹನ್ನೆರಡು ತಿಂಗಳೂ ನಿಲ್ಲುವುದಿಲ್ಲ. ದೋಣಿ, ಅದರ ಎಂಜಿನ್, ಉಸಿರಾಟದ ಗಾಳಿಗೆಂದೇ ನಿರ್ಮಿತವಾದ ಕಂಪ್ರೆಸರ್, ಡಜನುಗಟ್ಟಲೆ ಸಿಲಿಂಡರ್, ರೆಗ್ಯುಲೇಟರ್, ಜಾಕೆಟ್, ರಬ್ಬರಿನ ಉಡುಪು ಇವೆಲ್ಲವೂ ದುಬಾರಿ. ಇವುಗಳಲ್ಲಿ ಬಹುಪಾಲು ವಿದೇಶದಿಂದ ಬರುವಂಥವು. ಉಪ್ಪುನೀರು ಯಾವ ಲೋಹವನ್ನೂ ಬಿಡುವುದಿಲ್ಲ. ಪ್ರತಿದಿನವೂ ಎಲ್ಲ ಸಾಧನಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಸಿಲಿಂಡರುಗಳನ್ನು ನಿಯತಕಾಲಕ್ಕೆ ನೀರಿನ ಒತ್ತಡದ ಪರೀಕ್ಷೆಗೆ ಒಳಪಡಿಸಬೇಕು. ಒತ್ತಡದ ಸಿಲಿಂಡರುಗಳು ನಮ್ಮ ದೇಶದಲ್ಲಿ 2016ರ ಅನಿಲ ಸಿಲಿಂಡರ್ ನಿಯಮಗಳ ವ್ಯಾಪ್ತಿಗೆ ಬರುತ್ತವೆ ಎಂಬುದು ವೆಲ್ಡಿಂಗ್ ಅನಿಲ ಬಳಸುವ ನಮ್ಮ ಸದಸ್ಯರಿಗೆ ತಿಳಿದ ವಿಷಯವೇ.

ಒಬ್ಬ ಪ್ರವಾಸಿಗ ಕೊಡುವ ಕೆಲವು ಸಾವಿರ ರೂಪಾಯಿಗಳಲ್ಲಿ ಡೀಸೆಲ್, ದೋಣಿಯ ಸಿಬ್ಬಂದಿ, ತರಬೇತುದಾರರು, ನೀರೊಳಗಿನ ಛಾಯಾಗ್ರಾಹಕ ಇಷ್ಟು ಜನರ ಪಾಲಿದೆ. ತೀರದಲ್ಲಿ ವಸತಿಗೃಹ, ಊಟದ ಹೋಟೆಲು, ಆಟೋ, ಟ್ಯಾಕ್ಸಿಗಳಿಗೂ ಇದರಿಂದ ವ್ಯಾಪಾರ. ಮುರುಡೇಶ್ವರವು ದೇವಸ್ಥಾನದಿಂದ ಪ್ರಸಿದ್ಧವಾದ ಊರು. ಅಲ್ಲಿಯವರೇ ಆದ ಉದ್ಯಮಿ ಆರ್.ಎನ್. ಶೆಟ್ಟಿಯವರ ಶ್ರಮದಿಂದ ಎದ್ದುನಿಂತ 20 ಅಂತಸ್ತಿನ ರಾಜಗೋಪುರ ಹಾಗೂ 123 ಅಡಿ ಎತ್ತರದ ಶಿವನ ಪ್ರತಿಮೆ ಆ ಊರಿಗೆ ದೇಶದ ನಕ್ಷೆಯಲ್ಲಿ ಸ್ಥಾನ ನೀಡಿದವು. ದರ್ಶನ ಮುಗಿಸಿ ಸಂಜೆಗೆ ಹೊರಡುತ್ತಿದ್ದ ಪ್ರವಾಸಿಗನನ್ನು ಒಂದು ರಾತ್ರಿ ಹೆಚ್ಚಾಗಿ ಉಳಿಸಿಕೊಳ್ಳುವ ಶಕ್ತಿ ನೇತ್ರಾಣಿಗಿದೆ. ಊರಿನ ವ್ಯಾಪಾರಕ್ಕೆ ಆ ಒಂದು ರಾತ್ರಿಯ ಬೆಲೆ ಎಷ್ಟೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಲೆಕ್ಕದ ಪುಸ್ತಕದಲ್ಲಿಲ್ಲದ ಆಸ್ತಿ

ಇಷ್ಟೆಲ್ಲ ವ್ಯವಹಾರ ನಿಂತಿರುವುದು ಯಾವ ಬಂಡವಾಳದ ಮೇಲೆ? ದೋಣಿ ಮುಳುಗಿದರೆ ಇನ್ನೊಂದು ಕೊಳ್ಳಬಹುದು, ಕಂಪ್ರೆಸರ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಪ್ರವಾಸಿಗ ಹಣ ಕೊಡುವುದು ಹವಳವನ್ನೂ ಮೀನನ್ನೂ ನೋಡಲು. ಆ ಹವಳ ಯಾರ ಆಸ್ತಿಪಟ್ಟಿಯಲ್ಲಿಯೂ ನಮೂದಾಗಿಲ್ಲ, ಅದಕ್ಕೆ ಸವಕಳಿಯನ್ನೂ ಯಾರೂ ಬರೆಯುವುದಿಲ್ಲ, ವಿಮೆಯನ್ನೂ ಇಳಿಸುವುದಿಲ್ಲ. ಗುಂಡಾಗಿ ಬೆಳೆಯುವ ಹವಳದ ಜಾತಿಗಳು ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಲಂಗರಿನ ಒಂದು ಹೊಡೆತಕ್ಕೆ ಒಡೆದ ಒಂದಡಿ ಗಾತ್ರದ ಹವಳ ಮೊದಲಿನಂತಾಗಲು ಒಬ್ಬ ಮನುಷ್ಯನ ದುಡಿಮೆಯ ಕಾಲವೆಲ್ಲ ಬೇಕಾದೀತು.

ಹಾನಿ ಆಗುವ ಬಗೆಗಳು ಹಲವು. ಲಂಗರನ್ನು ಹವಳದ ಮೇಲೆಯೇ ಇಳಿಸುವುದು ಒಂದು. ಹೊಸಬರು ತೇಲುವಿಕೆಯನ್ನು ಸಾಧಿಸಲಾರದೆ ಹವಳದ ಮೇಲೆ ಕಾಲೂರುವುದು, ಛಾಯಾಚಿತ್ರಕ್ಕೆಂದು ಬಂಡೆಯನ್ನು ಹಿಡಿದು ನಿಲ್ಲುವುದು ಇನ್ನೊಂದು. ಮೀನುಗಳಿಗೆ ಬ್ರೆಡ್ಡು, ಬಿಸ್ಕತ್ತು ಹಾಕಿ ಹತ್ತಿರ ಕರೆಯುವ ಚಾಳಿ ಮತ್ತೊಂದು. ಗಿಳಿಮೀನಿನಂತಹ ಮೀನುಗಳು ಹವಳವನ್ನು ಆವರಿಸುವ ಪಾಚಿಯನ್ನು ಕೆರೆದು ತಿನ್ನುತ್ತವೆ. ಅವುಗಳ ಆಹಾರಕ್ರಮ ಕೆಟ್ಟರೆ ಪಾಚಿ ಬೆಳೆದು ಹವಳವನ್ನು ಮುಚ್ಚುತ್ತದೆ. ಹರಿದುಹೋದ ಮೀನುಬಲೆಗಳು, ಪ್ಲಾಸ್ಟಿಕ್ ಚೀಲಗಳು ಹವಳಕ್ಕೆ ಸುತ್ತಿಕೊಂಡು ಉಳಿಯುವುದೂ ಉಂಟು.

ಇವೆಲ್ಲಕ್ಕಿಂತ ದೊಡ್ಡದು ಕಡಲಿನ ಬಿಸಿ. ನೀರಿನ ಉಷ್ಣತೆ ವಾಡಿಕೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚಿ ಕೆಲವು ವಾರಗಳು ಹಾಗೆಯೇ ನಿಂತರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ. ಇಳಿಯದಿದ್ದರೆ ಹಸಿದು ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಭಾರಿ ಹಾನಿಗೊಳಗಾದವು. 2023ರಿಂದ ಜಗತ್ತಿನಾದ್ಯಂತ ನಾಲ್ಕನೆಯ ಬಾರಿಗೆ ಹವಳಗಳು ಸಾಮೂಹಿಕವಾಗಿ ಬಿಳಿಚಿಕೊಂಡಿವೆಯೆಂದು ವಿಜ್ಞಾನಿಗಳು 2024ರ ಏಪ್ರಿಲಿನಲ್ಲಿ ದೃಢಪಡಿಸಿದರು. ಕಡಲಿನ ಬಿಸಿಯನ್ನು ಮುರುಡೇಶ್ವರದ ದೋಣಿಯವನು ತಡೆಯಲಾರ. ಆದರೆ ಲಂಗರಿನಿಂದಲೂ ಕಾಲಿನಿಂದಲೂ ಕಸದಿಂದಲೂ ನಲುಗದ ಹವಳ ಬಿಸಿಯ ಹೊಡೆತದಿಂದ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ತಡೆಯಬಹುದಾದ ಹಾನಿಯನ್ನು ತಡೆಯುವುದು ಉದ್ಯಮದ ಕೈಯಲ್ಲಿಯೇ ಇದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದಿಬ್ಬ ಕಟ್ಟುವ ಹವಳಗಳನ್ನೂ ತಿಮಿಂಗಿಲ ಶಾರ್ಕನ್ನೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ದೊರೆಯುವ ರಕ್ಷಣೆಯೇ ಅವುಗಳಿಗೂ ಉಂಟು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿಯೂ ಹವಳದ ದಿಬ್ಬಗಳಿಗೆ ಅತ್ಯಂತ ಕಟ್ಟುನಿಟ್ಟಿನ ವರ್ಗದಲ್ಲಿ ಸ್ಥಾನವಿದೆ. ಸಮುದ್ರದಿಂದ ತಂದ ಹವಳದ ತುಂಡನ್ನು ನೆನಪಿನ ಕಾಣಿಕೆಯೆಂದು ಕೊಳ್ಳುವುದಾಗಲಿ, ಅಂಗಡಿಯಲ್ಲಿ ಮಾರಾಟಕ್ಕಿಡುವುದಾಗಲಿ ಅಪರಾಧವಾದೀತು ಎಂಬುದನ್ನು ಅಲಂಕಾರ ವಸ್ತುಗಳ ವ್ಯಾಪಾರ ಮಾಡುವ ಸದಸ್ಯರು ವಿಶೇಷವಾಗಿ ಗಮನಿಸಬೇಕು.

ಬೊನೇರ್ ದ್ವೀಪದ ಅನುಭವ

ಇದೇ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದ ಒಂದು ದ್ವೀಪದ ಉದಾಹರಣೆ ಇಲ್ಲಿ ಉಪಯುಕ್ತ. ಕೆರಿಬಿಯನ್ ಕಡಲಿನ ದಕ್ಷಿಣ ಭಾಗದಲ್ಲಿ, ವೆನೆಜುವೆಲಾದ ತೀರಕ್ಕೆ ಸಮೀಪದಲ್ಲಿ ಬೊನೇರ್ ಎಂಬ ದ್ವೀಪವಿದೆ. ಅದು ನೆದರ್‌ಲ್ಯಾಂಡ್ಸ್ ದೇಶಕ್ಕೆ ಸೇರಿದ್ದು. ಮಳೆ ಕಡಿಮೆ, ಬೇಸಾಯ ಅತ್ಯಲ್ಪ, ಹಿಂದಿನಿಂದ ಬಂದ ಉದ್ಯಮವೆಂದರೆ ಉಪ್ಪಿನ ಗದ್ದೆಗಳು. ಅಂತಹ ಒಣ ದ್ವೀಪ ಇಂದು ಡೈವಿಂಗ್ ಲೋಕದಲ್ಲಿ ಅಗ್ರಗಣ್ಯ ತಾಣಗಳಲ್ಲೊಂದು. ಮುಳುಗಲು ಗುರುತಿಸಿದ ಸ್ಥಳಗಳು 80ಕ್ಕೂ ಹೆಚ್ಚು. ಅವುಗಳಲ್ಲಿ ಅನೇಕಕ್ಕೆ ದೋಣಿಯೇ ಬೇಡ. ರಸ್ತೆಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲಿನ ಮೇಲೆ ಸ್ಥಳದ ಹೆಸರಿರುತ್ತದೆ. ವಾಹನ ನಿಲ್ಲಿಸಿ, ಸಿಲಿಂಡರ್ ಹೊತ್ತು, ನಡೆದೇ ನೀರಿಗಿಳಿಯಬಹುದು.

ಬೊನೇರ್ ತನ್ನ ಅಸಲನ್ನು ಬೇಗನೆ ಗುರುತಿಸಿತು. 1971ರಲ್ಲಿ ಈಟಿಯಿಂದ ಮೀನು ಹೊಡೆಯುವುದನ್ನು ನಿಷೇಧಿಸಿತು. 1979ರಲ್ಲಿ ದ್ವೀಪದ ಸುತ್ತ, ಉಬ್ಬರದ ಗೆರೆಯಿಂದ 60 ಮೀಟರ್ ಆಳದವರೆಗಿನ ಕಡಲನ್ನು ಸಾಗರ ಉದ್ಯಾನವೆಂದು ಘೋಷಿಸಿತು. ಆದರೆ ಘೋಷಣೆಯಷ್ಟೇ ಸಾಲಲಿಲ್ಲ. ಕೆಲವೇ ವರ್ಷಗಳಲ್ಲಿ ಹಣ ತೀರಿತು, ಕಾವಲಿನವರಿಲ್ಲದೆ ಉದ್ಯಾನ ಕಾಗದದ ಮೇಲಷ್ಟೇ ಉಳಿಯಿತು. 1991ರಲ್ಲಿ ಹೊರಗಿನ ನೆರವಿನಿಂದ ಅದನ್ನು ಪುನಶ್ಚೇತನಗೊಳಿಸಿದಾಗ, ಮತ್ತೆ ಅದೇ ಗತಿ ಬಾರದಿರಲೆಂದು 1992ರಿಂದ ಪ್ರತಿಯೊಬ್ಬ ಮುಳುಗುಗಾರನಿಂದಲೂ ವರ್ಷಕ್ಕೆ 10 ಡಾಲರ್ ಪ್ರವೇಶ ಶುಲ್ಕ ಪಡೆಯುವ ಪದ್ಧತಿ ತಂದರು. ಶುಲ್ಕದಿಂದ ಪ್ರವಾಸಿಗರು ಓಡಿಹೋಗಲಿಲ್ಲ. 10 ಡಾಲರಿದ್ದ ಮೊತ್ತ ಈಚಿನ ವರ್ಷಗಳಲ್ಲಿ 40 ಡಾಲರ್ ಆಯಿತು. ಈ ಹಣದಿಂದಲೇ ಕಾವಲುಗಾರರ ಸಂಬಳ, ದೋಣಿ ಕಟ್ಟುವ ತೇಲುಬುರುಡೆಗಳ ನಿರ್ವಹಣೆ ಸಾಗುತ್ತದೆ. ಕಡಲತಳಕ್ಕೆ ಶಾಶ್ವತವಾಗಿ ಬಿಗಿದ ಈ ಬುರುಡೆಗಳಿಗೆ ದೋಣಿಯನ್ನು ಕಟ್ಟುವುದರಿಂದ ಹವಳದ ಮೇಲೆ ಲಂಗರು ಬೀಳುವುದೇ ಇಲ್ಲ. ಹವಳ ಮುಟ್ಟುವ ಆಸೆ ಹುಟ್ಟದಿರಲೆಂದು ಕೈಗವಸು ಧರಿಸುವುದಕ್ಕೂ ಅಲ್ಲಿ ನಿಷೇಧವಿದೆ.

ಅಷ್ಟು ಜೋಪಾನ ಮಾಡಿದ ದ್ವೀಪವೂ ಆಪತ್ತಿನಿಂದ ಮುಕ್ತವಲ್ಲ. 2023ರಲ್ಲಿ ಹವಳದ ಅಂಗಾಂಶವನ್ನೇ ಕೊಳೆಯಿಸುವ ರೋಗವೊಂದು ಬೊನೇರಿಗೆ ತಗುಲಿತು. ರೋಗ ಹರಡದಂತೆ ಕೆಲವು ಸ್ಥಳಗಳನ್ನು ಮುಚ್ಚಲಾಯಿತು. ಸಾಧನಗಳನ್ನು ಸೋಂಕುನಿವಾರಕದಿಂದ ತೊಳೆಯುವಂತೆ ಮುಳುಗುಗಾರರಿಗೆ ಸೂಚಿಸಲಾಯಿತು. ರೋಗವನ್ನು ಬೇಗನೆ ಗುರುತಿಸಲು, ಕ್ರಮ ಜರುಗಿಸಲು ಅಲ್ಲಿ ಜನರೂ ಹಣವೂ ಸಿದ್ಧವಿದ್ದವು ಎಂಬುದೇ ಗಮನಾರ್ಹ ಸಂಗತಿ.

ನೇತ್ರಾಣಿ ಮತ್ತು ಬೊನೇರ್ ಒಂದೇ ಅಲ್ಲ. ನಮ್ಮದು ಒಂದು ಸಣ್ಣ ದ್ವೀಪ, ಒಂದು ಮಳೆಗಾಲ, ಒಂದೇ ಬಂದರಿನ ದಾರಿ. ಆದರೆ ಚಿಕ್ಕದಾಗಿರುವುದು ಇಲ್ಲಿ ಅನುಕೂಲವೇ ಸರಿ. ಶಾಶ್ವತ ತೇಲುಬುರುಡೆಗಳು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ, ಪ್ರತಿ ಟಿಕೆಟ್ಟಿನಲ್ಲಿ ಹವಳದ ಹೆಸರಿನಲ್ಲಿ ಪ್ರತ್ಯೇಕವಾಗಿ ತೆಗೆದಿಡುವ ಒಂದು ಪಾಲು, ವರ್ಷಕ್ಕೊಮ್ಮೆ ಹವಳದ ಸ್ಥಿತಿಯ ಬಹಿರಂಗ ವರದಿ ಈ ನಾಲ್ಕನ್ನು ಸರ್ಕಾರವೂ ಉದ್ಯಮವೂ ಒಟ್ಟಾಗಿ ಜಾರಿಗೆ ತರುವುದು ಕಷ್ಟವೇನಲ್ಲ. ಮಳೆಗಾಲದ ನಾಲ್ಕು ತಿಂಗಳ ಬಿಡುವನ್ನಂತೂ ಪ್ರಕೃತಿಯೇ ಉಚಿತವಾಗಿ ನೀಡಿದೆ.

ಸುರಕ್ಷತೆಯ ಮಾತು

ಕಡಲಿನ ವಿಷಯದಲ್ಲಿ ಬಯಲುಸೀಮೆಯ ನಮಗೆ ಅನುಭವ ಕಡಿಮೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಮೃತಪಟ್ಟ ದುರಂತವನ್ನು ಯಾರೂ ಮರೆಯುವಂತಿಲ್ಲ. ಅದು ಡೈವಿಂಗಿನಲ್ಲಿ ಸಂಭವಿಸಿದ್ದಲ್ಲ, ತೀರದಲ್ಲಿ ನೀರಾಟಕ್ಕಿಳಿದಾಗ ಸಂಭವಿಸಿದ್ದು. ತರಬೇತುದಾರರ ಕೈ ಹಿಡಿದು ಹತ್ತು ಮೀಟರ್ ಇಳಿಯುವುದಕ್ಕಿಂತ ಕಾವಲಿಲ್ಲದ ತೀರದಲ್ಲಿ ಸೊಂಟದ ಮಟ್ಟದ ಅಲೆಗೆ ಇಳಿಯುವುದು ಹೆಚ್ಚು ಅಪಾಯಕರವಾಗಬಹುದು ಎಂಬ ಎಚ್ಚರ ನಮ್ಮ ಪ್ರವಾಸಿ ತಂಡಗಳಿಗೆ ಇರಬೇಕು.

ಡೈವಿಂಗಿಗೆ ಹಣ ಕಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಗ್ರಾಹಕನ ಹಕ್ಕು. ಸಂಸ್ಥೆಗೆ ಸಂಬಂಧಪಟ್ಟ ಇಲಾಖೆಯ ಅನುಮತಿ ಇದೆಯೇ? ತರಬೇತುದಾರರ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ? ಒಬ್ಬ ತರಬೇತುದಾರನಿಗೆ ಹೊಸಬರು ಎಷ್ಟು ಮಂದಿ? ದೋಣಿಯಲ್ಲಿ ಎಲ್ಲರಿಗೂ ಜೀವರಕ್ಷಕ ಜಾಕೆಟ್ ಉಂಟೇ? ತುರ್ತು ಚಿಕಿತ್ಸೆಗೆ ಆಮ್ಲಜನಕದ ಸಿಲಿಂಡರ್ ಇದೆಯೇ? ಸಿಲಿಂಡರಿನ ಮೇಲೆ ಕೊನೆಯ ಪರೀಕ್ಷೆಯ ದಿನಾಂಕ ಯಾವುದು? ಇವಕ್ಕೆ ಉತ್ತರಿಸಲು ತಡವರಿಸುವವರಿಂದ ದೂರವಿರುವುದು ಒಳ್ಳೆಯದು. ಆರೋಗ್ಯದ ನಮೂನೆಯನ್ನು ಪ್ರಾಮಾಣಿಕವಾಗಿ ತುಂಬಬೇಕು. ಹೃದ್ರೋಗ, ಉಬ್ಬಸ, ಅಪಸ್ಮಾರ, ಈಚಿನ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರ ಅನುಮತಿಯಿಲ್ಲದೆ ಇಳಿಯಬಾರದು. ಗರ್ಭಿಣಿಯರು ಇಳಿಯಲೇಬಾರದು. ಹಿಂದಿನ ರಾತ್ರಿ ಮದ್ಯ ಸೇವನೆ ಸಲ್ಲದು.

ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ನೀರಿನೊಳಗೆ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕವು ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿ ಉಳಿಯುತ್ತದೆ. ಹೊರಗಿನ ಒತ್ತಡ ಥಟ್ಟನೆ ಇಳಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಅದು ಗುಳ್ಳೆಗಳಾಗಿ ಕೀಲುಗಳಿಗೂ ನರಗಳಿಗೂ ತೊಂದರೆ ಕೊಡಬಹುದು. ಆದ್ದರಿಂದ ಮುಳುಗಿದ ನಂತರ ವಿಮಾನ ಏರುವ ಮುನ್ನ ಸಾಕಷ್ಟು ಕಾಲ ಬಿಡಬೇಕೆಂಬ ನಿಯಮವಿದೆ. ಎತ್ತರದ ಪ್ರದೇಶಕ್ಕೆ ರಸ್ತೆಯಲ್ಲಿ ಏರುವುದಕ್ಕೂ ಅದೇ ನಿಯಮ ಅನ್ವಯಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರಿಗಿಂತ ಎತ್ತರಕ್ಕೆ ಹೋಗುವ ಮುನ್ನ, ಒಂದೇ ಬಾರಿ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದ್ದರೆ 18 ಗಂಟೆ ಕಾಯಬೇಕೆಂದು ಡೈವಿಂಗ್ ವೈದ್ಯಕೀಯ ತಜ್ಞರು ಸಲಹೆ ನೀಡಿದ್ದಾರೆ. ತುಮಕೂರು ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ. ಹೊನ್ನಾವರದಿಂದ ಹೊರಟರೂ ಸರಿ, ಸಕಲೇಶಪುರದ ಮೇಲೆ ಬಂದರೂ ಸರಿ, ಘಟ್ಟ ಹತ್ತದೆ ಮನೆ ಸೇರುವಂತಿಲ್ಲ. ಕಡಿಮೆ ಆಳದ ಒಂದು ಮುಳುಗಿನಿಂದ ಅಪಾಯ ಅಲ್ಪವೇ ಆದರೂ ಮಧ್ಯಾಹ್ನ ಡೈವಿಂಗ್ ಮುಗಿಸಿ ಅದೇ ಸಂಜೆ ಗಾಡಿ ಹತ್ತುವ ಅವಸರ ಬೇಡ. ಒಂದು ರಾತ್ರಿ ಅಲ್ಲಿಯೇ ತಂಗಿ ಮರುದಿನ ಹೊರಡುವುದು ಕ್ಷೇಮ.

ನಮ್ಮ ಉದ್ಯಮಿಗಳಿಗೆ ಏನಿದೆ?

ಡೀಲರುಗಳಿಗೆ, ಸಿಬ್ಬಂದಿಗೆ ವರ್ಷಕ್ಕೊಮ್ಮೆ ಪ್ರವಾಸ ಏರ್ಪಡಿಸುವ ಸಂಸ್ಥೆಗಳು ನಮ್ಮಲ್ಲಿ ಸಾಕಷ್ಟಿವೆ. ವಿದೇಶಕ್ಕೆ ಹೋಗುವ ಖರ್ಚಿನ ಒಂದಂಶದಲ್ಲಿ ನಮ್ಮದೇ ನಾಡಿನಲ್ಲಿ ಮರೆಯಲಾಗದ ಅನುಭವ ಲಭ್ಯ. ರಸ್ತೆಯಲ್ಲದೆ ರೈಲಿನ ಅನುಕೂಲವೂ ಇದೆ. ಬೆಂಗಳೂರು–ಹಾಸನ ರೈಲುಮಾರ್ಗ 2017ರಲ್ಲಿ ಪೂರ್ಣಗೊಂಡ ಬಳಿಕ ಕುಣಿಗಲ್ ಕರಾವಳಿಯ ದಾರಿಯಲ್ಲಿ ಸೇರಿತು. 2020ರಲ್ಲಿ ಆರಂಭವಾದ ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಕುಣಿಗಲ್, ಹಾಸನ, ಸಕಲೇಶಪುರದ ಮಾರ್ಗವಾಗಿ ರಾತ್ರಿ ಸಾಗಿ ಬೆಳಗಿನ ಹೊತ್ತಿಗೆ ಕರಾವಳಿಯನ್ನು ತಲುಪುತ್ತದೆ. ಹೊರಡುವ ಮುನ್ನ ವೇಳಾಪಟ್ಟಿಯನ್ನೂ ನಿಲುಗಡೆಗಳನ್ನೂ ವಿಚಾರಿಸಿಕೊಳ್ಳುವುದು ಒಳಿತು.

ಸಣ್ಣ ಕೈಗಾರಿಕೆಗಳವರಿಗೂ ಇಲ್ಲಿ ಯೋಚಿಸಲು ವಿಷಯವಿದೆ. ರೆಗ್ಯುಲೇಟರಿನಂತಹ ಪ್ರಾಣಕ್ಕೆ ಸಂಬಂಧಿಸಿದ ಸಾಧನಗಳಿಗೆ ಅಂತರರಾಷ್ಟ್ರೀಯ ಮಾನ್ಯತೆ ಬೇಕು. ಅಲ್ಲಿ ಅವಸರದ ಪ್ರವೇಶ ಸಲ್ಲದು. ಆದರೆ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದ ತೂಕಗಳು, ಸಿಲಿಂಡರುಗಳು ಉರುಳದಂತೆ ದೋಣಿಯಲ್ಲಿ ನಿಲ್ಲಿಸುವ ಚೌಕಟ್ಟುಗಳು, ತುಕ್ಕು ಹಿಡಿಯದ ಉಕ್ಕಿನ ಏಣಿಗಳು, ಸಾಧನ ತೊಳೆಯುವ ತೊಟ್ಟಿಗಳು, ಬಲೆಯ ಚೀಲಗಳು ಇವು ನಮ್ಮ ಫ್ಯಾಬ್ರಿಕೇಷನ್ ಹಾಗೂ ಪ್ಲಾಸ್ಟಿಕ್ ಘಟಕಗಳ ಕೈಗೆಟುಕುವಂಥವು. ಗೋವಾ, ಮಾಲ್ವಣ, ಅಂಡಮಾನ್, ಪುದುಚೇರಿಗಳಲ್ಲಿಯೂ ಡೈವಿಂಗ್ ನಡೆಯುತ್ತಿರುವುದರಿಂದ ಮಾರುಕಟ್ಟೆ ನೇತ್ರಾಣಿಯೊಂದಕ್ಕೇ ಸೀಮಿತವಲ್ಲ. ಉಪ್ಪುನೀರಿಗೆ ತಾಳುವ ಗುಣಮಟ್ಟ ಇದ್ದರೆ ಮಾತ್ರ ಎರಡನೆಯ ಬಾರಿ ಆರ್ಡರ್ ಬರುತ್ತದೆ ಎಂಬುದನ್ನು ಮೊದಲೇ ಅರಿತಿರಬೇಕು.

ಕುಣಿಗಲ್ಲಿನ ದೊಡ್ಡ ಕೆರೆಯ ಮೇಲೆ ನಮ್ಮ ಜನಪದರು ಹಾಡು ಕಟ್ಟಿ ಹಾಡಿದರು. ಏರಿಯನ್ನು ಕಾಯುವವರು, ತೂಬನ್ನು ಅಳತೆಯರಿತು ತೆರೆಯುವವರು, ಹೂಳನ್ನು ಎತ್ತುವವರು ಇರುವವರೆಗೆ ಕೆರೆ ಬಾಳುತ್ತದೆ, ಅದರ ಕೆಳಗಿನ ಗದ್ದೆಯೂ ಬಾಳುತ್ತದೆ. ನೀರು ಎಲ್ಲರದೆಂದು ಎಲ್ಲರೂ ತೆಗೆದುಕೊಂಡು ಯಾರೂ ಏರಿಯತ್ತ ನೋಡದಿದ್ದಾಗ ಏನಾಗುತ್ತದೆಂಬುದನ್ನು ಜಿಲ್ಲೆಯ ಬತ್ತಿದ ಕೆರೆಗಳು ನಮಗೆ ತೋರಿಸಿವೆ. ನೇತ್ರಾಣಿಯ ಹವಳಕ್ಕೂ ಇದೇ ಮಾತು ಸಲ್ಲುತ್ತದೆ. ಮುಂದಿನ ಋತುವಿನಲ್ಲಿ ಅಲ್ಲಿಗೆ ಹೋಗುವ ನಮ್ಮ ಸದಸ್ಯರು ದರದಲ್ಲಿ ಎಷ್ಟು ರಿಯಾಯಿತಿ ಎಂದು ಕೇಳುವ ಮೊದಲು, ದೋಣಿಯನ್ನು ಎಲ್ಲಿ ಕಟ್ಟುತ್ತೀರಿ, ಲಂಗರನ್ನು ಎಲ್ಲಿ ಇಳಿಸುತ್ತೀರಿ ಎಂದು ಕೇಳಲಿ. ಗ್ರಾಹಕ ಏನನ್ನು ಕೇಳುತ್ತಾನೋ ಅಂಗಡಿ ಅದನ್ನೇ ಇಡುತ್ತದೆ ಎಂಬುದು ನಮಗಿಂತ ಚೆನ್ನಾಗಿ ಬಲ್ಲವರಾರು?